ನಡು ಜೊಳ್ಳು, ಅಂಚಲ್ಲಿ ಕಾಳು: ಇಲಿನಾಯ್ ಹಿತ್ತಲಿನ ಒಂದು ಹಳದಿ ಹೂವಿನ ಪ್ರಕರಣ

ಮೊದಲೇ ಹೇಳ್ಬಿಡ್ತೀನಿ, ಈ ಪ್ರಕರಣದಲ್ಲಿ ತಪ್ಪು ಹೆಸರು ಹೇಳಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಬರೀತಿದ್ದೀನಿ ಅಂದ್ರೂ ಸರಿ. ಮನೆಯವರ ಒಪ್ಪಿಗೆ ಇದೆ, ಆದ್ರೆ ಹೆಸರು, ಊರು, ಬೀದಿ ಯಾವುದೂ ಹಾಕಲ್ಲ. ಮಗ, ಸೊಸೆ, ಗದಗ ಕಡೆಯಿಂದ ಬಂದಿದ್ದ ಮಗನ ಅಪ್ಪ, ಇಷ್ಟೇ ಜನ. ಅಪ್ಪನ್ನ ನಾನು ಮೊದಲು ಅಂಕಲ್ ಅಂತಿದ್ದೆ, ಎರಡನೇ ದಿನಕ್ಕೇ ಅವ್ರು "ಅಂಕಲ್ ಗಿಂಕಲ್ ಬ್ಯಾಡವಾ, ಕಾಕಾ ಅನ್ನು" ಅಂದ್ರು, ಹಾಗಾಗಿ ಇಲ್ಲೂ ಕಾಕಾ ಅಂತಾನೇ ಬರೀತೀನಿ.

ಷಿಕಾಗೋ ಪಶ್ಚಿಮಕ್ಕಿರೋ ಒಂದು ಸಬರ್ಬ್, ಅಲ್ಲೊಂದು ಮಾಮೂಲಿ ಮನೆ. ಹಿತ್ತಲಿನ ಬೇಲಿ ಆಚೆ ಹಳೇ ರೈಲು ಹಳಿ ಇದ್ದ ಪಟ್ಟಿ, ಈಗ ಅಲ್ಲಿ ಜನ ಸೈಕಲ್ ಹೊಡೀತಾರೆ. ಇವರು ಮನೆ ತಗೊಂಡಿದ್ದು ಹಿಂದಿನ ವರ್ಷದ ಚಳಿಗಾಲದಲ್ಲಿ, ಹಿಮದ ಕೆಳಗೆ ಏನಿದೆ ಅಂತ ಯಾರು ನೋಡ್ತಾರೆ? ಮೇ ತಿಂಗಳಲ್ಲಿ ಬೇಲಿ ಉದ್ದಕ್ಕೂ ಒಂದು ಇಪ್ಪತ್ತು ಇಪ್ಪತ್ತೈದು ಗಿಡಗಳ ಗುಂಪು ಎದ್ದು ಬಂತು, ಜೂನ್ ಅಷ್ಟೊತ್ತಿಗೆ ಸೊಂಟದ ಎತ್ತರ. ದಪ್ಪ ಕಾಂಡ, ಎದುರುಬದುರು ಎಲೆ, ಮುಟ್ಟಿದ್ರೆ ಸ್ಯಾಂಡ್‌ಪೇಪರ್ ಥರ ಒರಟು. ಹೂ ಇಲ್ಲ, ಮೊಗ್ಗೂ ಇಲ್ಲ. ಕಾಕಾ ಅದೇ ಮೇ ತಿಂಗಳಲ್ಲಿ ವಿಸಿಟರ್ ವೀಸಾದಲ್ಲಿ ಬಂದಿಳಿದಿದ್ರು, ಆರು ತಿಂಗಳು ಇರೋಕೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ್ಮೇಲೆ ಹಿತ್ತಲಲ್ಲಿ ಕುರ್ಚಿ ಹಾಕ್ಕೊಂಡು ಕೂರೋದು, ಅಷ್ಟೇ ಅವರ ದಿನಚರಿ. ಮೂವತ್ತು ವರ್ಷ ಸೂರ್ಯಪಾನ ಬೆಳೆದವರು ಅವ್ರು. ದಕ್ಷಿಣದವರಿಗೆ ಹೇಳೋದಾದ್ರೆ ಸೂರ್ಯಕಾಂತಿ.

ಸಮಸ್ಯೆ ಶುರುವಾಗಿದ್ದು ಒಂದು ಪತ್ರದಿಂದ. ಊರಿನ ಆಡಳಿತದವರು ಬಾಗಿಲಿಗೆ ಅಂಟಿಸಿ ಹೋಗಿದ್ರು, ನಿಮ್ಮ ಹಿತ್ತಲಲ್ಲಿ ಎತ್ತರದ ಕಳೆ ಇದೆ, ಜಯಂಟ್ ರಾಗ್‌ವೀಡ್ ಇರಬಹುದು, ಹತ್ತು ದಿನದೊಳಗೆ ತೆಗೀರಿ ಅಂತ. ಇದನ್ನ ಸುಮ್ನೆ ಕಿರಿಕಿರಿ ಅಂತ ತಳ್ಳಿಹಾಕೋ ಹಾಗಿಲ್ಲ, ಯಾಕಂದ್ರೆ ರಾಗ್‌ವೀಡ್ ಪರಾಗದಿಂದ ಇಲ್ಲಿ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಜನಕ್ಕೆ ಸೀನಿ ಸೀನಿ ಸಾಕಾಗುತ್ತೆ, ಇಲಿನಾಯ್ ರಾಜ್ಯದ ಹಾನಿಕಾರಕ ಕಳೆಗಳ ಪಟ್ಟೀಲಿ ಊರೊಳಗೆ ಬೆಳೆಯೋ ರಾಗ್‌ವೀಡ್ ಇದೆ. ಅದರ ಎಲೇನೂ ಒರಟು, ಅದೂ ಎದುರುಬದುರು. ರಸ್ತೆಯಿಂದ ನೋಡಿದವರಿಗೆ ಅನುಮಾನ ಬಂದಿದ್ದು ತಪ್ಪಲ್ಲ ಅಂತ್ಲೇ ನನ್ನ ಅಭಿಪ್ರಾಯ.

ಪತ್ರ ಬಂದ ದಿನ ಮನೇಲಿ ಮೂರು ಮಾತು. ಸೊಸೆಗೆ ತಲೆನೋವು ಬೇಡ, ಕತ್ತರಿಸಿ ಹಾಕೋಣ. ಪಕ್ಕದ ಮನೆಯವರು ಒಳ್ಳೇ ಮನಸ್ಸಿಂದಾನೇ ಕಳೆನಾಶಕದ ಡಬ್ಬ ತಂದು ಕೊಟ್ರು. ಮಗ ಫೋನ್ ತೆಗೆದು, ಫೋಟೋ ನೋಡಿ ಗಿಡದ ಹೆಸರು ಹೇಳೋ ಐನ್ಯಾಚುರಲಿಸ್ಟ್ ಆಪಲ್ಲಿ ಫೋಟೋ ಹಾಕಿದ. ಕಾಕಾ ಮಾತ್ರ ಎದ್ದು ಹೋಗಿ ಒಂದು ಗಿಡದ ಬುಡ ಹಿಡಿದು ಎಳೆದ್ರು. ಬರಲಿಲ್ಲ. ಎರಡೂ ಕೈಲಿ ಎಳೆದ್ರು, ಊಹೂಂ. ಆಮೇಲೆ ಕೂತು ಬುಡದ ಮಣ್ಣು ಕೆದರಿ ನೋಡಿದ್ರೆ ಹೋದ ವರ್ಷದ ಒಣಗಿದ ಕಾಂಡದ ಮೋಟುಗಳು, ಬೂದು ಬಣ್ಣಕ್ಕೆ ತಿರುಗಿ, ಹೊಸ ಕಾಂಡದ ಪಕ್ಕದಲ್ಲೇ. "ಇದು ಒಂದ್ ವರ್ಷದ ಗಿಡ ಅಲ್ಲ, ಇದಕ್ಕ ಹಳೇ ಬೇರು ಐತಿ" ಅಂದ್ರು.

ಆ ಕ್ಷಣಕ್ಕೆ ಯಾರೂ ಅದನ್ನ ದೊಡ್ಡದು ಅನ್ಕೊಳ್ಳಲಿಲ್ಲ, ಈಗ ಯೋಚಿಸಿದ್ರೆ ಪತ್ರದ ಅನುಮಾನಕ್ಕೆ ಉತ್ತರ ಅಲ್ಲೇ ಸಿಕ್ಕಿತ್ತು. ಜಯಂಟ್ ರಾಗ್‌ವೀಡ್ ಏಕವಾರ್ಷಿಕ, ಪ್ರತಿ ವರ್ಷ ಬೀಜದಿಂದ್ಲೇ ಬರಬೇಕು, ಅದಕ್ಕೆ ಹೋದ ವರ್ಷದ ಮೋಟಿನ ಪಕ್ಕ ಚಿಗುರೋ ಬೇರು ಇರೋದೇ ಇಲ್ಲ. ಜೊತೆಗೆ ಅದರ ಎಲೆಗೆ ಉದ್ದ ತೊಟ್ಟು, ದೊಡ್ಡ ಎಲೆಗಳು ಸಾಮಾನ್ಯವಾಗಿ ಮೂರು ಅಥವಾ ಐದು ಸೀಳಾಗಿರ್ತವೆ. ಇವರ ಗಿಡದ ಎಲೆಗೆ ತೊಟ್ಟೇ ಇಲ್ಲ, ಸೀದಾ ಕಾಂಡಕ್ಕೇ ಅಂಟಿಕೊಂಡು ಕೂತಿತ್ತು, ಸೀಳೂ ಇಲ್ಲ.

ಆದ್ರೆ ನಾನು ಅಲ್ಲಿಗೆ ಹೋಗೋ ಮುಂಚೇನೇ ಅರ್ಧ ಕೆಲಸ ಆಗೋಗಿತ್ತು. ಶನಿವಾರ ಬೆಳಿಗ್ಗೆ ವೀಡ್ ವ್ಯಾಕರ್ ಅನ್ನೋ ಕಳೆ ಕತ್ತರಿಸೋ ಮಷಿನ್ ಬಾಡಿಗೆಗೆ ತಂದು ಒಂದು ಹತ್ತು ಹನ್ನೆರಡು ಗಿಡ ನೆಲಸಮ ಮಾಡಿದ್ರು, ಕಾಕಾ ಅಡ್ಡ ನಿಂತಿದ್ದಕ್ಕೆ ಉಳಿದವು ಉಳ್ಕೊಂಡ್ವು. ಅವರ ವಾದ ಸಿಂಪಲ್: ಹೂ ಬಿಡೋ ಮುಂಚೆ ಹೆಸರು ಗೊತ್ತಿಲ್ಲದ್ದನ್ನ ಕೊಲ್ಲಬಾರದು, ಅದು ಕಸ ಹೌದೋ ಅಲ್ಲೋ ಹೂ ನೋಡಿ ಹೇಳೋಣ. ಗದಗ ಕಡೆ ಕಳೆಗೆ ಕಸ ಅಂತಾರೆ. ಕಳೆನಾಶಕದ ಡಬ್ಬ ಗ್ಯಾರೇಜಲ್ಲಿ ಹಾಗೇ ಉಳೀತು, ಇಡೀ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೇ ನಿರ್ಧಾರ ಇನ್ನೊಂದಿಲ್ಲ, ಯಾಕಂದ್ರೆ ಕತ್ತರಿಸಿದ್ದು ಮತ್ತೆ ಚಿಗುರುತ್ತೆ, ಆ ಮದ್ದು ಬೇರಿಗಿಳಿದ್ರೆ ವಾಪಸ್ ಬರೋ ದಾರಿ ಇರಲ್ಲ.

ನಾನು ವಾರಾಂತ್ಯದಲ್ಲಿ ಇಲ್ಲಿನ ಪ್ರೇರಿ, ಅಂದ್ರೆ ಕಾಡು ಹುಲ್ಲುಗಾವಲು ಜಾಗಗಳಲ್ಲಿ ಕಳೆ ಕೀಳೋಕೆ, ಬೀಜ ಆಯೋಕೆ ಸ್ವಯಂಸೇವಕಿಯಾಗಿ ಹೋಗ್ತೀನಿ, ಆ ಸಲಿಗೇಲೇ ಮಗ ನನಗೆ ವಾಟ್ಸಾಪ್ ಮಾಡಿದ್ದು. ಮಗನ ಆಪ್ ಅಷ್ಟೊತ್ತಿಗೆ ಎರಡು ಬೇರೆ ಬೇರೆ ಜಾತಿ ಹೇಳಿತ್ತು. ಎಲೆ ಫೋಟೋಗೆ ಹೀಲಿಯಾಪ್ಸಿಸ್, ಅಂದ್ರೆ ಇಲ್ಲಿನವರು ಫಾಲ್ಸ್ ಸನ್‌ಫ್ಲವರ್ ಅನ್ನೋದು, ಇಡೀ ಗಿಡದ ಫೋಟೋಗೆ ಕಪ್ ಪ್ಲಾಂಟ್. ನಾನು ಫೋಟೋ ನೋಡಿದ ತಕ್ಷಣ ಹೀಲಿಯಾಪ್ಸಿಸ್ಸೇ ಅಂತ ಹೇಳ್ಬಿಟ್ಟೆ. ಯಾಕೆ ಅಂದ್ರೆ ಅದು ಎಲ್ಲಾ ಕಡೆ ಸಿಗೋ ಗಿಡ, ನನಗೆ ಚೆನ್ನಾಗಿ ಗೊತ್ತಿರೋ ಗಿಡ. ಗೊತ್ತಿರೋ ಹೆಸರು ನಾಲಿಗೆ ತುದೀಲೇ ಇರುತ್ತಲ್ವಾ, ಅದೇ ಹೊರಗೆ ಬರೋದು. ಹೀಲಿಯಾಪ್ಸಿಸ್ ಎಲೆಗೆ ಸ್ಪಷ್ಟವಾಗಿ ತೊಟ್ಟು ಇರುತ್ತೆ ಅನ್ನೋದು ನನಗೆ ಗೊತ್ತಿತ್ತು, ಫೋಟೋದಲ್ಲಿ ತೊಟ್ಟಿಲ್ಲ ಅನ್ನೋದೂ ಕಾಣ್ತಿತ್ತು, ಆದ್ರೂ ನೋಡಲಿಲ್ಲ.

ಊರಿನ ಆಡಳಿತಕ್ಕೆ ಮಗ ಒಂದು ಇಮೇಲ್ ಬರೆದ, ಇದು ರಾಗ್‌ವೀಡ್ ಅಲ್ಲ, ಬಹುವಾರ್ಷಿಕ, ಬುಡದ ಹಳೇ ಮೋಟಿನ ಫೋಟೋ ಇಲ್ಲಿದೆ, ಹೂ ಬಿಟ್ಟ ಮೇಲೆ ಹೆಸರು ಖಚಿತ ಮಾಡಿ ತಿಳಿಸ್ತೀವಿ, ಅಲ್ಲಿವರೆಗೂ ಸಮಯ ಕೊಡಿ ಅಂತ. ಜೊತೆಗೆ ಗಿಡಗಳ ಮುಂದೆ ಎರಡಡಿ ಹುಲ್ಲು ನೀಟಾಗಿ ಕತ್ತರಿಸಿ ಒಂದು ಗಿಡ್ಡ ಬೇಲಿ ಹಾಕಿದ್ರು, ಬೇಕಂತ್ಲೇ ಬೆಳೆಸಿರೋದು ಅಂತ ನೋಡಿದವರಿಗೆ ಅನ್ನಿಸ್ಲಿ ಅಂತ. ಇನ್‌ಸ್ಪೆಕ್ಟರ್ ಬಂದು ನೋಡಿ ಸೆಪ್ಟೆಂಬರ್ ಕೊನೆವರೆಗೂ ಟೈಮ್ ಕೊಟ್ಟು ಹೋದ್ರು.

ಜುಲೈ ಎರಡನೇ ವಾರ ಹೂ ಬಂತು. ಎರಡರಿಂದ ಮೂರಿಂಚು ಅಗಲದ ಹಳದಿ ಹೂ, ನೋಡೋಕೆ ಥೇಟ್ ಚಿಕ್ಕ ಸೂರ್ಯಕಾಂತಿ. ಆಪ್‌ಗೆ ಹೂವಿನ ಮುಖದ ಫೋಟೋ ಹಾಕಿದ್ರೆ ಈಗ ಹೊಸದಾಗಿ ಹೀಲಿಯಾಂಥಸ್, ಅಂದ್ರೆ ನಿಜವಾದ ಸೂರ್ಯಕಾಂತಿ ಕುಲ, ಅದೂ ಮೂರ್ನಾಲ್ಕು ಜಾತಿ ಹೆಸರು ಹೇಳಿತು. ಆಪನ್ನ ಬೈಯೋದು ಸುಲಭ, ಆದ್ರೆ ಎದುರಿಂದ ತೆಗೆದ ಫೋಟೋದಲ್ಲಿ ಈ ಮೂರು ಕುಲಗಳ ಹೂ ಹತ್ತಿರ ಹತ್ತಿರ ಒಂದೇ ಥರ, ಅದಕ್ಕಾದ್ರೂ ಏನು ಗೊತ್ತಾಗ್ಬೇಕು ಪಾಪ. ಕಾಕಾ ಅಂತೂ ಖುಷಿಯೋ ಖುಷಿ, "ನಾ ಹೇಳಲಿಲ್ಲಾ, ನಮ್ಮ ಸೂರ್ಯಪಾನದ ತಮ್ಮ ಇದು."

ಸೂರ್ಯಪಾನ ಅಂತ ತಲೇಲಿ ಕೂತಮೇಲೆ ಅವರು ಅದನ್ನ ಬೆಳೆ ನೋಡೋ ಥರಾನೇ ನೋಡೋಕೆ ಶುರು ಮಾಡಿದ್ರು. ಆಗಸ್ಟ್ ಮೊದಲ ವಾರ ಒಂದು ಹೂ ಒಣಗಿತ್ತು, ಕಿತ್ತು ಅಂಗೈಲಿ ಉಜ್ಜಿ ನೋಡಿದ್ರೆ ನಡುವೆ ಬರೀ ಜೊಳ್ಳು. ಇನ್ನೊಂದು ನೋಡಿದ್ರು, ಅದೂ ಜೊಳ್ಳು. ಸೂರ್ಯಕಾಂತಿ ಬೆಳೆಯೋರಿಗೆ ಇದು ಹಳೇ ಶತ್ರು, ಜೇನು ಸರಿಯಾಗಿ ಕೂರದಿದ್ರೆ ಪರಾಗಸ್ಪರ್ಶ ಆಗದೆ ತೆನೆ ನಡುವೆ ಕಾಳು ಕಟ್ಟಲ್ಲ, ಅದಕ್ಕೆ ಕೃಷಿ ಇಲಾಖೆಯವರು ಹೇಳಿಕೊಟ್ಟ ಉಪಾಯ ಅಂದ್ರೆ ಹೂ ಬಿಟ್ಟಾಗ ಬೆಳಿಗ್ಗೆ ಹೊತ್ತು ಕೈಗೆ ಮೆತ್ತನೆ ಬಟ್ಟೆ ಸುತ್ಕೊಂಡು ಒಂದು ತೆನೆ ಸವರಿ ಇನ್ನೊಂದನ್ನ ಸವರೋದು, ದಿನ ಬಿಟ್ಟು ದಿನ. ಜೊತೆಗೆ ಬೋರಾಕ್ಸ್ ಸಿಂಪಡಣೆ. ಕಾಕಾ ತಮ್ಮ ಟವೆಲ್ ಕೈಗೆ ಸುತ್ಕೊಂಡು ಇಲಿನಾಯ್ ಹಿತ್ತಲಲ್ಲಿ ದಿನ ಬಿಟ್ಟು ದಿನ ಹೂ ಸವರ್ತಾ ಹೋದ್ರು, ಎರಡು ವಾರ. ಸೈಕಲ್ ದಾರಿಯಲ್ಲಿ ಹೋಗೋರು ನಿಂತು ನೋಡ್ತಿದ್ರಂತೆ. ಬೋರಾಕ್ಸ್ ತಂದುಕೊಡು ಅಂತ ಮಗನಿಗೆ ಗಂಟು ಬಿದ್ದಿದ್ರು, ಅದೊಂದನ್ನ ಅವನು ತರಲಿಲ್ಲ.

ಎರಡು ವಾರ ಆದ್ಮೇಲೂ ನಡು ಜೊಳ್ಳೇ. ಕಾಕಾಗೆ ಮರ್ಯಾದೆ ಪ್ರಶ್ನೆ. ಆದ್ರೆ ಅವ್ರು ಅಷ್ಟಕ್ಕೇ ಬಿಡೋರಲ್ಲ, ನನಗೆ ಫೋನ್ ಮಾಡಿಸಿದ್ರು. "ಬಾ ಇಲ್ಲಿ ಯವ್ವಾ, ಇಲ್ಲೇನೋ ಬ್ಯಾರೆ ಐತಿ. ಹುಳ ಏನು ಕಡಿಮಿ ಇಲ್ಲ, ಇಷ್ಟಿಷ್ಟು ದಪ್ಪ ದುಂಬಿ ಮುಂಜಾನಿಯಿಂದ ಗುಂಯ್ ಅಂತಾವ. ನಾನೂ ಸವರೀನಿ. ನಡುವ ಕಾಳು ಹಿಡಿಯಂಗಿಲ್ಲ. ಆದ್ರ ಅಂಚಿಗೆ ಹಿಡದಾವ ನೋಡು."

ಅಂಚಿಗೆ ಹಿಡಿದಿದ್ದಾವೆ ಅಂದಾಗ ನನಗೆ ಒಂದು ಕ್ಷಣ ಏನೂ ಹೊಳೀಲಿಲ್ಲ. ಅವರು ಒಂದು ಬಲಿತ ತಲೆ ಮುರಿದು ಅಂಗೈ ಮೇಲೆ ಇಟ್ರು. ಸುತ್ತ ಎರಡು ಮೂರು ಸಾಲು ಬೀಜ, ಹಪ್ಪಳದ ಚೂರಿನ ಹಾಗೆ ಚಪ್ಪಟೆ, ಅಂಚಿಗೆ ತೆಳು ರೆಕ್ಕೆ. ನಡುವೆ ಬರೀ ಕಡ್ಡಿ ಕಡ್ಡಿ ಹೊಟ್ಟು. ಸೂರ್ಯಕಾಂತೀಲಿ ಇದು ಪೂರ್ತಿ ಉಲ್ಟಾ. ನಾವು ಒಂದು ಹೂ ಅಂತ ಕರೆಯೋದು ನಿಜವಾಗಿ ನೂರಾರು ಪುಟ್ಟ ಹೂಗಳ ಗುಂಪು, ಸುತ್ತ ಇರೋ ಹಳದಿ ಎಸಳು ಒಂದೊಂದೂ ಒಂದು ಹೂವೇ. ಸೂರ್ಯಕಾಂತೀಲಿ ಆ ಎಸಳಿನ ಹೂಗಳು ಬರೀ ಶೋಗೆ, ಬಂಜೆ, ಕಾಳು ಕಟ್ಟೋದೆಲ್ಲ ನಡುವಿನ ಹೂಗಳು. ಹೀಲಿಯಾಪ್ಸಿಸ್‌ನಲ್ಲಿ ಎಸಳಿಗೂ ಕಾಳು, ನಡುವೇನೂ ಕಾಳು. ಆಪ್ ಹೇಳಿದ್ದ ಕಪ್ ಪ್ಲಾಂಟ್ ಸೇರೋ ಸಿಲ್ಫಿಯಮ್ ಅನ್ನೋ ಕುಲದಲ್ಲಿ ಮಾತ್ರ ನಡುವಿನ ಹೂಗಳು ಪರಾಗ ಕೊಟ್ಟು ಸುಮ್ಮನಾಗ್ತವೆ, ಕಾಳು ಕಟ್ಟೋದು ಅಂಚಿನ ಎಸಳಿನ ಹೂಗಳಷ್ಟೇ. ಕಾಕಾ ಎರಡು ವಾರ ಟವೆಲ್‌ನಲ್ಲಿ ಸವರಿದ್ದು ಗಂಡು ಹೂಗಳನ್ನ! ಅದನ್ನ ಹೇಳಿದಾಗ ಅವರು ನಕ್ಕಿದ್ದು ನೋಡ್ಬೇಕಿತ್ತು.

ಇದನ್ನ ನಾನು ಓದಿ ತಿಳ್ಕೊಂಡಿದ್ದೆ, ವರ್ಷಗಟ್ಟಲೆ ಸಿಲ್ಫಿಯಮ್ ಬೀಜ ಚೀಲಗಟ್ಟಲೆ ಆಯ್ದಿದ್ದೀನಿ, ಆದ್ರೆ ಒಂದು ಹೂ ಮುರಿದು ಕಾಳು ಎಲ್ಲಿದೆ ಅಂತ ನೋಡೋ ಬುದ್ಧಿ ಬರಲಿಲ್ಲ. ಅವರಿಗೆ ಬಂತು, ಯಾಕಂದ್ರೆ ಅವರಿಗೆ ಹೂ ಅಂದ್ರೆ ಕಾಳು. ಸೂರ್ಯಕಾಂತಿ ಗೊತ್ತಿದ್ದಿದ್ದೇ ಅವರನ್ನ ಮೊದಲು ದಾರಿ ತಪ್ಪಿಸ್ತು, ಅದೇ ಜ್ಞಾನ ಎಲ್ಲಿ ಕೆಲಸ ಮಾಡಲಿಲ್ಲವೋ ಅಲ್ಲೇ ಗಿಡದ ಗುರುತು ಸಿಕ್ತು.

ಕುಲ ಗೊತ್ತಾಯ್ತು, ಇನ್ನು ಜಾತಿ. ಇದು ಬೇಗ ಮುಗೀತು. ಇಲಿನಾಯ್ ಪ್ರೇರಿಯಲ್ಲಿ ಸಾಮಾನ್ಯವಾಗಿ ಸಿಗೋ ಸಿಲ್ಫಿಯಮ್ ನಾಲ್ಕು. ಕಂಪಾಸ್ ಪ್ಲಾಂಟ್ ಎಲೆ ಆಳವಾಗಿ ಸೀಳಿರುತ್ತೆ, ಅದಲ್ಲ. ಪ್ರೇರಿ ಡಾಕ್‌ದು ನೆಲದಲ್ಲೇ ಆನೆಕಿವಿಯಂಥ ದೊಡ್ಡ ಎಲೆಗಳು, ಹೂವಿನ ಕಾಂಡ ಹೆಚ್ಚುಕಮ್ಮಿ ಬೋಳು, ಅದೂ ಅಲ್ಲ. ಕಪ್ ಪ್ಲಾಂಟ್‌ದು ಕಾಂಡ ಚೌಕ, ಎದುರುಬದುರು ಎಲೆಗಳ ಬುಡ ಕೂಡ್ಕೊಂಡು ಬಟ್ಟಲಾಗಿ ಮಳೆನೀರು ನಿಲ್ಲುತ್ತೆ, ಇವರ ಗಿಡದ ಕಾಂಡ ದುಂಡು, ಎಲೆಗಳ ಬುಡ ಕಾಂಡಕ್ಕೆ ಅಂಟಿದೆ ಆದ್ರೆ ಒಂದಕ್ಕೊಂದು ಕೂಡಿಲ್ಲ. ಉಳಿದಿದ್ದು ಸಿಲ್ಫಿಯಮ್ ಇಂಟೆಗ್ರಿಫೋಲಿಯಮ್, ಇಲ್ಲಿನವರ ಬಾಯಲ್ಲಿ ರಾಸಿನ್‌ವೀಡ್. ಹೂವನ್ನ ತಿರುಗಿಸಿ ಹಿಂದೆ ನೋಡಿದ್ರೆ ಅಗಲವಾದ ಹಸಿರು ಎಲೆಯಂಥ ಹೊದಿಕೆಗಳು ಒಂದರ ಮೇಲೊಂದು, ಸೂರ್ಯಕಾಂತಿ ಕುಲದ ಕಾಡು ಜಾತಿಗಳಲ್ಲಿ ಸಾಮಾನ್ಯವಾಗಿ ಅವು ಕಿರಿದಾಗಿ ಚೂಪಾಗಿರ್ತವೆ. ಕಾಂಡ ಮುರಿದ್ರೆ ಅಂಟು ಅಂಟು ರಾಳ ಬರುತ್ತೆ, ಒಣಗಿದ್ಮೇಲೆ ಗಟ್ಟಿಯಾಗುತ್ತೆ, ಹೆಸರಿನ ರಾಸಿನ್ ಅಲ್ಲಿಂದ ಬಂದಿದ್ದು. ಹೆಸರಿನ ಕೊನೇಲಿ ವೀಡ್ ಅಂತಿದೆ, ಅಂದ್ರೆ ಕಳೆ. ಊರಿನ ಆಡಳಿತಕ್ಕೆ ಉತ್ತರ ಬರೆಯುವಾಗ ಮಗ ಅದಕ್ಕೇ ಹೆದರಿ ಲ್ಯಾಟಿನ್ ಹೆಸರು ಮಾತ್ರ ಹಾಕಿದ.

ಖಚಿತ ಮಾಡ್ಕೊಳ್ಳೋಕೆ ಒಂದು ಭಾನುವಾರ ಎಲ್ಲರನ್ನೂ ಲೈಲ್ ಊರಿನ ಮಾರ್ಟನ್ ಅರ್ಬೊರೇಟಮ್‌ಗೆ ಕರ್ಕೊಂಡು ಹೋದೆ. ಅಲ್ಲಿರೋ ಶುಲೆನ್‌ಬರ್ಗ್ ಪ್ರೇರಿ 1962ರಲ್ಲಿ ಶುರುವಾಗಿದ್ದು, ಹೊಲ ಆಗಿದ್ದ ಜಾಗದಲ್ಲಿ ಬೀಜದಿಂದ ಸಸಿ ಮಾಡಿ ನೆಟ್ಟು ಕಟ್ಟಿದ ಪ್ರೇರಿ. ಕೀಳೋ ಹಾಗಿಲ್ಲ, ನೋಡಬಹುದು. ಇವರ ಗಿಡದ ಫೋಟೋ ಕೈಲಿ ಹಿಡ್ಕೊಂಡು ಎಲೆಗೆ ಎಲೆ, ಹೂವಿನ ಹಿಂಭಾಗಕ್ಕೆ ಹಿಂಭಾಗ ಹೋಲಿಸಿದ್ವಿ, ಸರಿ ಹೋಯ್ತು. ಕಾಕಾಗೆ ಅಲ್ಲಿ ಹಿಡಿಸಿದ್ದು ಬೇರೇನೇ, ಕಂಪಾಸ್ ಪ್ಲಾಂಟ್ ಬುಡದ ಎಲೆಗಳು ಅಂಚನ್ನ ಉತ್ತರ ದಕ್ಷಿಣಕ್ಕೆ ಮಾಡಿ ನಿಂತಿರೋದು. ಫೋನಲ್ಲಿ ದಿಕ್ಸೂಚಿ ತೆಗೆಸಿ ಐದಾರು ಗಿಡ ಪರೀಕ್ಷೆ ಮಾಡಿದ್ಮೇಲೇ ಮುಂದೆ ಹೆಜ್ಜೆ ಇಟ್ಟಿದ್ದು.

ಇನ್ನೊಂದು ಪ್ರಶ್ನೆ ಉಳಿದಿತ್ತು, ನನ್ನ ಪ್ರಕಾರ ಅದು ಹೆಸರಿಗಿಂತ ಮುಖ್ಯ. ಈ ಗಿಡ ಇಲ್ಲಿಗೆ ಹೇಗೆ ಬಂತು? ಹಿಂದಿನ ಮಾಲೀಕರು ನರ್ಸರಿಯಿಂದ ತಂದು ನೆಟ್ಟಿದ್ದಾ, ಅಥವಾ ಹಳೇ ಪ್ರೇರಿಯ ಉಳಿಕೆಯಾ? ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು, ಇವತ್ತಿಗೂ ಪ್ರೇರಿ ಸ್ಟೇಟ್ ಅಂತಾನೇ ಕರೆಯೋದು, ಆದ್ರೆ ಕೆಡದೆ ಉಳಿದಿರೋ ಒಳ್ಳೇ ಪ್ರೇರಿ ಸುಮಾರು 2,500 ಎಕರೆ. 1837ರಲ್ಲಿ ಜಾನ್ ಡೀರ್ ಇದೇ ರಾಜ್ಯದಲ್ಲಿ ಅಂಟುಮಣ್ಣು ಕಚ್ಚದ ಉಕ್ಕಿನ ನೇಗಿಲು ಮಾಡಿದ, ಆಮೇಲೆ ಬಗೆದಿದ್ದೇ ಬಗೆದಿದ್ದು. ಈ ಕಪ್ಪು ಮಣ್ಣು ನೋಡಿ ಕಾಕಾ "ನಮ್ಮ ಎರಿ ಹೊಲ ಇದ್ದಂಗ ಐತಿ" ಅಂದಿದ್ರು, ಬಣ್ಣ ಹೌದು, ಆದ್ರೆ ಎರೆ ಮಣ್ಣಿನ ಗುಣ ಅದರ ಜಿಗುಟು ಜೇಡಿಯದ್ದು, ಬೇಸಿಗೇಲಿ ಬಿರುಕು ಬಿಡುತ್ತೆ, ಇಲ್ಲಿನ ಕಪ್ಪು ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಆಗಿದ್ದು. ಉಳಿದ ಚೂರುಪಾರು ಪ್ರೇರಿ ಎಲ್ಲಿ ಉಳೀತು ಅಂದ್ರೆ ನೇಗಿಲು ಹೋಗದ ಕಡೆ, ಹಳೇ ಸ್ಮಶಾನಗಳಲ್ಲಿ ಮತ್ತೆ ರೈಲು ಹಳಿ ಪಕ್ಕದಲ್ಲಿ. ಹಳಿ ಪಕ್ಕ ಆಗಾಗ ಬೆಂಕಿ ಬೀಳ್ತಿದ್ದಿದ್ದೂ ಪ್ರೇರಿಗೆ ಒಳ್ಳೇದೇ ಆಯ್ತು, ಮರ ಪೊದೆ ಎದ್ದೇಳೋಕೆ ಬಿಡಲಿಲ್ಲ.

ಹಾಗಾಗಿ ಬೇಲಿ ಆಚೆ ಹೋಗಿ ಆ ಪಟ್ಟಿಯುದ್ದಕ್ಕೂ ನಡೆದ್ವಿ. ಒಂದು ನಲವತ್ತಡಿ ಜಾಗದಲ್ಲಿ ಬಿಗ್ ಬ್ಲೂಸ್ಟೆಮ್ ಹುಲ್ಲು, ಪ್ರೇರಿ ಡಾಕ್, ರ‍್ಯಾಟಲ್‌ಸ್ನೇಕ್ ಮಾಸ್ಟರ್, ಇದೇ ರಾಸಿನ್‌ವೀಡ್ ಹಳೇ ಬುಡಗಳು, ಎಲ್ಲಾ ಪ್ರೇರಿ ಗಿಡಗಳೇ. ಹಿತ್ತಲಲ್ಲಿದ್ದ ಗಿಡಗಳು ಬೇಲಿ ಹತ್ತಿರ ದಟ್ಟ, ಮನೆ ಕಡೆ ಬರ್ತಾ ಬರ್ತಾ ತೆಳು. ಈ ಬೀಜಕ್ಕೆ ಹತ್ತಿಯಂಥ ಕುಚ್ಚಿಲ್ಲ, ಗಾಳಿಗೆ ದೂರ ಹಾರಲ್ಲ, ತಾಯಿಗಿಡದ ಅಕ್ಕಪಕ್ಕಾನೇ ಬೀಳುತ್ತೆ. ಯಾರೋ ನೆಟ್ಟಿದ್ರೆ ಸಾಲಾಗಿ ಇರ್ತಿತ್ತು, ಇದು ಆಚೆಯಿಂದ ತೆವಳಿಕೊಂಡು ಬಂದಿದ್ದು ಅಂತ ನನ್ನ ತೀರ್ಮಾನ. ಅದಕ್ಕೇ ಮನೆಯವರಿಗೆ ಹೇಳಿದೆ, ನರ್ಸರಿಯ ರಾಸಿನ್‌ವೀಡ್ ತಂದು ಇದರ ಪಕ್ಕ ನೆಡಬೇಡಿ, ಈ ಜಾಗದ ತಳಿ ಈ ಜಾಗದ್ದೇ ಇರ್ಲಿ, ಬೀಜ ಇಲ್ಲಿಂದಾನೇ ಆಯ್ಕೊಳ್ಳಿ.

ಸೆಪ್ಟೆಂಬರ್ ಕೊನೆಗೆ ಊರಿನ ಆಡಳಿತಕ್ಕೆ ಆರು ಫೋಟೋ ಹೋಯ್ತು: ಇಡೀ ಗಿಡ, ಎಲೆ ಕಾಂಡಕ್ಕೆ ಸೇರೋ ಜಾಗ, ಕಾಂಡ ಅಡ್ಡ ಕತ್ತರಿಸಿದ್ದು, ಹೂವಿನ ಮುಖ, ಹೂವಿನ ಬೆನ್ನು, ಮುರಿದ ತಲೆಯಲ್ಲಿ ಅಂಚಿನ ಕಾಳು. ನೋಟಿಸ್ ವಾಪಸ್ ತಗೊಂಡ್ರು. ಈ ಆರರಲ್ಲಿ ಮುಖದ ಫೋಟೋ ಒಂದೇ ಉಪಯೋಗಕ್ಕೆ ಬಾರದ್ದು, ಆದ್ರೆ ಹೂ ಬಂದಾಗ ನಾವೆಲ್ಲರೂ ಮೊದಲು ತೆಗೆದಿದ್ದು ಅದೇ. ಹಳದಿ ಡೈಸಿ ಥರದ ಹೂ ಯಾವುದೇ ಇರ್ಲಿ, ಕಾಳು ಬಲಿಯೋವರೆಗೂ ಕಾಯೋ ಅಗತ್ಯಾನೂ ಇಲ್ಲ, ಹೊಸ ಹೂವಿನ ಎಸಳಿನ ಬುಡ ಜೂಮ್ ಮಾಡಿ ನೋಡಿ, ಅಲ್ಲಿ ಕವಲೊಡೆದ ಪುಟ್ಟ ದಾರ ಇದ್ರೆ ಆ ಎಸಳು ಕಾಳು ಕಟ್ಟೋದು, ಸೂರ್ಯಕಾಂತಿ ಎಸಳಲ್ಲಿ ಅದು ಇರಲ್ಲ. ನಾನು ಜುಲೈನಲ್ಲೇ ಇದನ್ನ ನೋಡಿದ್ರೆ ಕಾಕಾಗೆ ಎರಡು ವಾರದ ಟವೆಲ್ ಕೆಲಸ ತಪ್ತಿತ್ತು, ಈ ಬರಹಾನೂ ತಪ್ತಿತ್ತು. ಜೂನ್‌ನಲ್ಲಿ ಕತ್ತರಿಸಿದ ಹತ್ತು ಹನ್ನೆರಡು ಗಿಡ ಬೇರಿಂದ ಮತ್ತೆ ಮೊಣಕಾಲುದ್ದ ಬಂದ್ವು, ಆ ವರ್ಷ ಹೂ ಬಿಡಲಿಲ್ಲ. ಸೊಸೆ ಈಗ್ಲೂ ಅವುಗಳ ಕಡೆ ನೋಡುವಾಗ ಸ್ವಲ್ಪ ಮುಖ ಸಣ್ಣ ಮಾಡ್ಕೋತಾರೆ, ನಾನು ಅಂದೆ, ಹತ್ತು ದಿನದ ಗಡುವು ಬಾಗಿಲ ಮೇಲೆ ಅಂಟಿಸಿದ್ರೆ ಯಾರಾದ್ರೂ ಅದನ್ನೇ ಮಾಡ್ತಿದ್ರು.

ಕಾಕಾಗೆ ಒಂದು ಸುದ್ದಿ ಹೇಳಿದ್ದು ತಪ್ಪಾಯ್ತೇನೋ. ಕ್ಯಾನ್ಸಸ್‌ನ ಸಲೀನಾದಲ್ಲಿರೋ ಲ್ಯಾಂಡ್ ಇನ್‌ಸ್ಟಿಟ್ಯೂಟ್‌ನವರು ಇದೇ ಸಿಲ್ಫಿಯಮ್ ಇಂಟೆಗ್ರಿಫೋಲಿಯಮ್‌ನ ಎಣ್ಣೆಕಾಳಿನ ಬೆಳೆ ಮಾಡೋಕೆ ಹೊರಟಿದ್ದಾರೆ, ಒಮ್ಮೆ ಬಿತ್ತಿದ್ರೆ ವರ್ಷ ವರ್ಷ ಅದೇ ಬೇರಿಂದ ಬರೋ ಬೆಳೆ. ಅವರ ಪ್ರಶ್ನೆ ತಕ್ಷಣ ಬಂತು, "ಅಂಚಿಗಷ್ಟ ಕಾಳಾದ್ರ ಎಣ್ಣಿ ಎಷ್ಟ್ ಬಂದೀತು?" ತಳಿ ಮಾಡೋರೂ ಅದಕ್ಕೇ ಎಸಳು ಜಾಸ್ತಿ ಇರೋ ಗಿಡಗಳನ್ನೇ ಆರಿಸ್ತಾ ಹೋಗ್ತಿದ್ದಾರೆ ಅಂದಾಗ ಸುಮ್ಮನೆ ತಲೆ ಆಡಿಸಿದ್ರು. ಅಕ್ಟೋಬರ್‌ನಲ್ಲಿ ಹೊರಡೋ ಮುಂಚಿನ ದಿನ ಟವೆಲ್ ತುದೀಲಿ ಒಂದು ಹಿಡಿ ಬೀಜ ಗಂಟು ಕಟ್ಟಿದ್ದು ಸೊಸೆ ಕಣ್ಣಿಗೆ ಬಿತ್ತು. ಪರ್ಮಿಟ್ ಇಲ್ಲದೆ ಬೀಜ ದೇಶ ದಾಟಿಸೋ ಹಾಗಿಲ್ಲ ಅಂತ ನಾನೇ ಫೋನಲ್ಲಿ ಅರ್ಧ ಗಂಟೆ ಒಪ್ಪಿಸ್ಬೇಕಾಯ್ತು. ಕೊನೆಗೆ ಆ ಬೀಜಾನ ಮಗನ ಕೈಲೇ ಒಂದು ಕುಂಡದಲ್ಲಿ ಹಾಕಿಸಿ ಹೊರಗಿಟ್ಟು ಹೋದ್ರು, ಈ ಬೀಜಕ್ಕೆ ಮೊಳಕೆ ಬರೋಕೆ ಚಳಿಗಾಲದ ತಂಪು ತೇವ ಬೇಕು.

ಮುಂದಿನ ಜುಲೈನಲ್ಲಿ ಹಿತ್ತಲ ಗಿಡ ಹೂ ಬಿಟ್ಟಾಗ ಮಗ ಗದಗಿಗೆ ವಿಡಿಯೋ ಕಾಲ್ ಮಾಡಿ ಹೂವಿನ ಮುಂದೆ ಫೋನ್ ಹಿಡಿದ. ನಾನೂ ಅಲ್ಲೇ ಇದ್ದೆ. ಕಾಕಾ ಕನ್ನಡಕ ಏರಿಸಿ ಒಂದು ಸಲ ನೋಡಿ, "ಮುಂದ ಬ್ಯಾಡೋ, ಹಿಂದ ತಿರುಗ್ಸಿ ತೋರ್ಸು" ಅಂದ್ರು.